ರಾಗಿಕಾಳು, ಸಾಸಿವೆ ಮತ್ತು ಭೂಮಿಯ ಜೊತೆ ನಡೆಯುವ ಒಂದು ಕಲ್ಲು

ಒಂದು ಕೈವಾರ, ಒಂದು ಎ4 ಹಾಳೆ, ಒಂದು ಸಾಸಿವೆ, ಒಂದು ರಾಗಿಕಾಳು. ಇಷ್ಟಿದ್ದರೆ ಸಾಕು, ಭೂಮಿಯ ಜೊತೆಜೊತೆಗೇ ಸಾಗುತ್ತಿರುವ ಒಂದು ಪುಟ್ಟ ಕ್ಷುದ್ರಗ್ರಹದ ದಾರಿಯನ್ನು ಊಟದ ಮೇಜಿನ ಮೇಲೇ ಬಿಡಿಸಿ ನೋಡಬಹುದು. ಹೋದ ರಜೆಯಲ್ಲಿ ಅಕ್ಕನ ಮಗಳು ಮೈಸೂರಿಗೆ ನಮ್ಮ ಮನೆಗೆ ಬಂದಿದ್ದಾಗ ನಾವಿಬ್ಬರೂ ಹಾಗೇ ಮಾಡಿದೆವು. ಅವಳು ಒಂಬತ್ತನೇ ಕ್ಲಾಸು. ಮೊಬೈಲಿನಲ್ಲಿ ಒಂದು ಸುದ್ದಿ ಓದಿಕೊಂಡು ಅಡುಗೆಮನೆಗೆ ಬಂದಳು. ಭೂಮಿಗೆ ಎರಡನೇ ಚಂದ್ರ ಸಿಕ್ಕಿದೆ, 2083ರ ತನಕ ನಮ್ಮ ಜೊತೆ ಇರುತ್ತದೆ ಅಂತ ಅದರಲ್ಲಿತ್ತು.

"ಮಾಮ, ಎರಡನೇ ಚಂದ್ರ ಇದ್ರೆ ರಾತ್ರಿ ಯಾಕೆ ಕಾಣಲ್ಲ?"

"ಅದು ಚಂದ್ರ ಅಲ್ಲ ಪುಟ್ಟಿ. ಅದು ನಮ್ಮನ್ನ ಸುತ್ತೋದೇ ಇಲ್ಲ. ಸೂರ್ಯನ್ನ ಸುತ್ತತ್ತೆ."

"ಇಲ್ನೋಡಿ, ಚಿತ್ರದಲ್ಲಿ ನಮ್ಮನ್ನೇ ಸುತ್ತುತ್ತಾ ಇದೆಯಲ್ಲ!"

ಚಿತ್ರದಲ್ಲಿ ನಿಜವಾಗಿಯೂ ಸುತ್ತುತ್ತಿತ್ತು. ಆ ಚಿತ್ರ ತಪ್ಪಾಗಿರಲಿಲ್ಲ. ನಾನು ಹೇಳಿದ್ದೂ ತಪ್ಪಲ್ಲ. ಎರಡೂ ಒಟ್ಟಿಗೆ ಹೇಗೆ ಸರಿಯಾಗುತ್ತವೆ ಅನ್ನುವುದನ್ನು ಬಾಯಲ್ಲಿ ಹೇಳಿ ಒಪ್ಪಿಸಲು ನನಗೆ ಆಗಲಿಲ್ಲ. ಅದಕ್ಕೇ ಕೈವಾರ ತೆಗೆದದ್ದು.

ಅವಳು ಓದಿದ ಸುದ್ದಿ 2025 ಪಿಎನ್7 ಅನ್ನುವ ಕಲ್ಲಿನದು. ಹವಾಯಿ ದ್ವೀಪಗಳಲ್ಲಿರುವ ಪ್ಯಾನ್-ಸ್ಟಾರ್ಸ್ ದೂರದರ್ಶಕ ಅದನ್ನು 2025ರ ಆಗಸ್ಟ್‌ನಲ್ಲಿ ಕಂಡಿತು. ಸುಮಾರು 20 ಮೀಟರ್ ಗಾತ್ರದ ತುಣುಕು. ಇಂಥ ಕಲ್ಲುಗಳಿಗೆ ವಿಜ್ಞಾನಿಗಳು ಕ್ವಾಸಿ ಸ್ಯಾಟಲೈಟ್ ಅನ್ನುತ್ತಾರೆ. ಅಂದರೆ ಉಪಗ್ರಹದ ಹಾಗೆ ಕಾಣುತ್ತದೆ, ಆದರೆ ಉಪಗ್ರಹ ಅಲ್ಲ. ನಾನು ಇದನ್ನು ತೋರಿಕೆಯ ಚಂದ್ರ ಅಂತ ಕರೆಯುತ್ತೇನೆ. ಭೂಮಿಗೆ ಇಂಥವು ಕೆಲವು ಇವೆ. ಅವುಗಳಲ್ಲಿ ನಮಗೆ ಚೆನ್ನಾಗಿ ಪರಿಚಯ ಆಗಿರುವುದು, ಒಂದು ನೌಕೆಯನ್ನೂ ತನ್ನ ಕಡೆಗೆ ಎಳೆದುಕೊಂಡಿರುವುದು, ಕಮೊಓಅಲೆವಾ. ನಾವು ಹಾಳೆಯ ಮೇಲೆ ಬಿಡಿಸಿದ್ದು ಇದರ ದಾರಿಯನ್ನೇ.

ಹೆಸರು ನಾಲಿಗೆ ತೊಡರುವಂಥದ್ದು, ಮೊದಲ ಸಲ ನನಗೂ ಹಾಗೇ ಆಯಿತು. ಇದನ್ನು ಹವಾಯಿಯ ಮಾವೀ ದ್ವೀಪದ ಹಲೇಅಕಲಾ ಬೆಟ್ಟದ ಮೇಲಿರುವ ಅದೇ ಪ್ಯಾನ್-ಸ್ಟಾರ್ಸ್ 2016ರ ಏಪ್ರಿಲ್ 27ರಂದು ಮೊದಲು ಕಂಡಿತು. ಆಗ ಸಿಕ್ಕ ತಾತ್ಕಾಲಿಕ ಹೆಸರು 2016 ಎಚ್‌ಓ3. ಈ ಹೆಸರುಗಳು ವಾಹನದ ನಂಬರ್ ಪ್ಲೇಟ್ ಥರ ಕಾಣುತ್ತವೆ, ಆದರೆ ಓದಲು ಬಂದರೆ ಒಂದು ಲೆಕ್ಕ ಇದೆ. ವರ್ಷದ ಒಂದೊಂದು ತಿಂಗಳನ್ನೂ ಎರಡು ಭಾಗ ಮಾಡಿ ಒಂದೊಂದಕ್ಕೆ ಒಂದು ಅಕ್ಷರ. ಎಚ್ ಅಂದರೆ ಏಪ್ರಿಲ್ ತಿಂಗಳ ಎರಡನೇ ಅರ್ಧ. ಓ3 ಅಂದರೆ ಆ ಹದಿನೈದು ದಿನಗಳಲ್ಲಿ ಪಟ್ಟಿಗೆ ಸೇರಿದ 89ನೆಯದು. ಆಮೇಲೆ ಹವಾಯಿಯ ಇಮಿಲೋಅ ಖಗೋಳ ಕೇಂದ್ರದವರು ಅಲ್ಲಿನ ಭಾಷೆಯಲ್ಲೇ ಹೆಸರು ಹುಡುಕಿದರು. ಹವಾಯಿ ಜನರ ಸೃಷ್ಟಿಯ ಹಾಡಾದ ಕುಮುಲಿಪೊದಿಂದ ಬಂದ ಪದ ಇದು. ತೂಗಾಡುತ್ತಾ ಸಾಗುವ ತುಣುಕು ಅನ್ನುವ ಅರ್ಥ ಅದರಲ್ಲಿದೆ. ಎಷ್ಟು ಸರಿಯಾದ ಹೆಸರು ಅನ್ನುವುದು ದಾರಿ ಬಿಡಿಸಿದ ಮೇಲೆ ಗೊತ್ತಾಗುತ್ತದೆ.

ಈಗ ಹಾಳೆ. ಉದ್ದಕ್ಕೆ ಇಟ್ಟುಕೊಳ್ಳಿ. ನಡುವೆ ಒಂದು ಚುಕ್ಕಿ ಇಡಿ, ಅದು ಸೂರ್ಯ. ಕೈವಾರವನ್ನು 10 ಸೆಂಟಿಮೀಟರ್ ಅಗಲಿಸಿ, ಮುಳ್ಳನ್ನು ಸೂರ್ಯನ ಮೇಲೆ ಊರಿ ಒಂದು ಸುತ್ತು ಎಳೆಯಿರಿ. ಇದು ಭೂಮಿಯ ದಾರಿ. ಭೂಮಿಗೂ ಸೂರ್ಯನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್ ಇದೆ. ಹಾಗಾಗಿ ಹಾಳೆಯ ಮೇಲಿನ ಒಂದೊಂದು ಸೆಂಟಿಮೀಟರ್ ಒಂದೂವರೆ ಕೋಟಿ ಕಿಲೋಮೀಟರ್.

ಈಗ ಕೈವಾರದ ಅಗಲ ಬದಲಿಸಬೇಡಿ. ಮುಳ್ಳನ್ನು ಮಾತ್ರ ಸೂರ್ಯನಿಂದ ಒಂದು ಸೆಂಟಿಮೀಟರ್ ಮೇಲಕ್ಕೆ ಸರಿಸಿ ಇನ್ನೊಂದು ಸುತ್ತು ಎಳೆಯಿರಿ. ಇದು ಕಮೊಓಅಲೆವಾದ ದಾರಿ.

"ಇಷ್ಟೇನಾ? ದೀರ್ಘವೃತ್ತ ಅಂತ ಓದಿದ್ವಲ್ಲ" ಅಂದಳು. ಇಷ್ಟೇ. ದೀರ್ಘವೃತ್ತ ಅಂದ ಕೂಡಲೇ ಪಠ್ಯಪುಸ್ತಕದ ಚಪ್ಪಟೆ ಮೊಟ್ಟೆ ನೆನಪಾಗುತ್ತದೆ. ಆ ಚಿತ್ರ ಎಷ್ಟು ಮಕ್ಕಳ ದಾರಿ ತಪ್ಪಿಸಿದೆಯೋ! ಈ ಕಲ್ಲಿನ ದಾರಿಯನ್ನು ಅಳತೆ ಹಿಡಿದು ಬಿಡಿಸಿದರೆ ಒಂದು ಕಡೆ 10 ಸೆಂಟಿಮೀಟರ್ ಇದ್ದಲ್ಲಿ ಇನ್ನೊಂದು ಕಡೆ 9.95. ಆ ಅರ್ಧ ಮಿಲಿಮೀಟರ್ ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ದಾರಿ ಚಪ್ಪಟೆ ಆಗಿರುವುದಲ್ಲ ಇಲ್ಲಿ ಮುಖ್ಯ. ಸೂರ್ಯ ನಡುವಿನಿಂದ ಪಕ್ಕಕ್ಕೆ ಸರಿದಿರುವುದು ಮುಖ್ಯ.

ನೋಡಿ, ಎರಡು ಸುತ್ತುಗಳೂ ಒಂದನ್ನೊಂದು ಎರಡು ಕಡೆ ದಾಟುತ್ತವೆ. ಹಾಳೆಯ ಕೆಳಗಡೆ ಕಲ್ಲು ಸೂರ್ಯನಿಗೆ 9 ಸೆಂಟಿಮೀಟರ್ ಹತ್ತಿರ ಬರುತ್ತದೆ, ಭೂಮಿಯ ದಾರಿಗಿಂತ ಒಳಗೆ. ಮೇಲುಗಡೆ 11 ಸೆಂಟಿಮೀಟರ್ ದೂರ ಹೋಗುತ್ತದೆ, ಭೂಮಿಯ ದಾರಿಗಿಂತ ಹೊರಗೆ. ಆದರೆ ಇಡೀ ಸುತ್ತು ಮುಗಿಸಲು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಬೇಕು: ಒಂದು ವರ್ಷ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಂದಿನದೆಲ್ಲ ಇದರಿಂದಲೇ ಹುಟ್ಟುತ್ತದೆ.

ಇನ್ನೊಂದು ಸಂಗತಿ ಸೇರಿಸಿದರೆ ಕಾಳು ಇಡಬಹುದು. ಸೂರ್ಯನಿಗೆ ಹತ್ತಿರ ಇರುವಾಗ ಕಲ್ಲು ಜೋರಾಗಿ ಓಡುತ್ತದೆ, ದೂರ ಇರುವಾಗ ನಿಧಾನ. ಜೋಕಾಲಿ ಕೆಳಗೆ ಬಂದಾಗ ಬಿರುಸು, ಮೇಲೆ ಹೋದಾಗ ಮೆಲ್ಲಗೆ, ಹಾಗೆ. ಭೂಮಿಯ ದಾರಿಗೆ ಸೂರ್ಯ ಹೆಚ್ಚುಕಡಿಮೆ ನಡುವಿನಲ್ಲೇ ಇರುವುದರಿಂದ ಅದರ ನಡಿಗೆ ಹೆಚ್ಚುಕಡಿಮೆ ಒಂದೇ ಸಮ.

ಅಕ್ಟೋಬರ್ ಹೊತ್ತಿಗೆ ಶುರು ಮಾಡೋಣ. ಸಾಸಿವೆಯನ್ನು, ಅಂದರೆ ಭೂಮಿಯನ್ನು, ತನ್ನ ಸುತ್ತಿನ ತೀರಾ ಕೆಳಗೆ ಇಡಿ. ರಾಗಿಕಾಳನ್ನು ಅದರ ನೇರಕ್ಕೆ, ಒಂದು ಸೆಂಟಿಮೀಟರ್ ಒಳಗೆ ಇಡಿ. ಇಲ್ಲಿಂದ ಎರಡೂ ಗಡಿಯಾರದ ಮುಳ್ಳಿಗೆ ಎದುರಾಗಿ ಹೊರಡುತ್ತವೆ. ರಾಗಿ ಈಗ ಸೂರ್ಯನ ಹತ್ತಿರ ಇದೆ, ಬಿರುಸಾಗಿ ಓಡುತ್ತದೆ. ಮೂರು ತಿಂಗಳು ಕಳೆದು ಜನವರಿ ಬಂದಾಗ ಸಾಸಿವೆ ಬಲಗಡೆಯ ನಡುವಿಗೆ ಬಂದಿರುತ್ತದೆ. ರಾಗಿ ಅದಕ್ಕಿಂತ ಎರಡು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆದರೆ ಈಗ ಅದು ಸೂರ್ಯನಿಂದ ದೂರ ಸರಿಯುತ್ತಿದೆ, ನಡಿಗೆ ಮಂದವಾಗುತ್ತಿದೆ. ಏಪ್ರಿಲ್ ಹೊತ್ತಿಗೆ ಸಾಸಿವೆ ಸುತ್ತಿನ ತುದಿಗೆ ಬಂದಾಗ ರಾಗಿಯ ಮುನ್ನಡೆ ಎಲ್ಲ ಕರಗಿ, ಅದು ನೇರ ಮೇಲುಗಡೆ, ಒಂದು ಸೆಂಟಿಮೀಟರ್ ಹೊರಗೆ ನಿಂತಿರುತ್ತದೆ. ಇನ್ನೂ ನಿಧಾನ. ಜುಲೈನಲ್ಲಿ ಸಾಸಿವೆ ಎಡಗಡೆ ಬಂದಾಗ ರಾಗಿ ಎರಡು ಸೆಂಟಿಮೀಟರ್ ಹಿಂದೆ ಉಳಿದಿರುತ್ತದೆ. ಅಲ್ಲಿಂದ ಸೂರ್ಯನ ಕಡೆ ಇಳಿಯುತ್ತಾ ಮತ್ತೆ ಬಿರುಸು ಹಿಡಿದು, ಅಕ್ಟೋಬರ್‌ಗೆ ಸರಿಯಾಗಿ ಸಾಸಿವೆಯನ್ನು ಹಿಡಿದು ಅದರ ಒಳಬದಿಗೆ ಬಂದು ನಿಲ್ಲುತ್ತದೆ.

ಈಗ ಸಾಸಿವೆಯ ಮೇಲೆ ನೀವು ಕೂತಿದ್ದೀರಿ ಅಂದುಕೊಳ್ಳಿ. ಅಕ್ಟೋಬರ್‌ನಲ್ಲಿ ಕಲ್ಲು ನಿಮ್ಮ ಒಳಬದಿಗೆ, ಸೂರ್ಯನ ಕಡೆ. ಜನವರಿಯಲ್ಲಿ ಮುಂದೆ. ಏಪ್ರಿಲ್‌ನಲ್ಲಿ ಹೊರಬದಿಗೆ. ಜುಲೈನಲ್ಲಿ ಹಿಂದೆ. ಮತ್ತೆ ಒಳಗೆ. ಇನ್ನೊಂದು ಹಾಳೆಯ ನಡುವೆ ಭೂಮಿಯನ್ನು ಇಟ್ಟು ಈ ನಾಲ್ಕು ಜಾಗಗಳನ್ನು ಗುರುತು ಹಾಕಿ ಸೇರಿಸಿದರೆ ಭೂಮಿಯ ಸುತ್ತ ಒಂದು ಮೊಟ್ಟೆಯಾಕಾರ ಬರುತ್ತದೆ. ವರ್ಷಕ್ಕೆ ಒಂದು ಸುತ್ತು. ಮೊಬೈಲಿನ ಚಿತ್ರದಲ್ಲಿ ಇದ್ದದ್ದು ಇದೇ.

"ಸುತ್ತಿತಲ್ಲ ಮಾಮ!" ಅಂದಳು ಗೆದ್ದವಳ ಹಾಗೆ. ಆಮೇಲೆ ಮೊದಲ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ನಾಲ್ಕು ಜಾಗಗಳಲ್ಲೂ ಪೆನ್ಸಿಲಿನಿಂದ ಚುಕ್ಕಿ ಹಾಕಿದ್ದೆವು. "ಇಲ್ಲಿ ನಾಲ್ಕು ಸಲಾನೂ ರಾಗಿ ಸಾಸಿವೆಗಿಂತ ಮೇಲ್ಗಡೆನೇ ಇದೆ. ಒಂದ್ಸಲಾನೂ ಕೆಳಗೆ ಹೋಗಿಲ್ಲ. ಸುತ್ತಿದ್ದು ಯಾವಾಗ?"

ನಾನು ಎಷ್ಟೋ ವರ್ಷದಿಂದ ಈ ವಿಷಯ ಓದುತ್ತಿದ್ದೇನೆ. ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನೀವೂ ನೋಡಿ. ಅಕ್ಟೋಬರ್‌ನಲ್ಲಿ ರಾಗಿ ಒಳಗಿದೆ, ಅಂದರೆ ಹಾಳೆಯಲ್ಲಿ ಸಾಸಿವೆಗಿಂತ ಮೇಲೆ. ಜನವರಿಯಲ್ಲಿ ಮುಂದಿದೆ, ಬಲಗಡೆಯಲ್ಲಿ ಮುಂದೆ ಅಂದರೆ ಮೇಲೆ. ಏಪ್ರಿಲ್‌ನಲ್ಲಿ ಹೊರಗಿದೆ, ಅದೂ ಮೇಲೆ. ಜುಲೈನಲ್ಲಿ ಹಿಂದಿದೆ, ಎಡಗಡೆಯಲ್ಲಿ ಹಿಂದೆ ಅಂದರೆ ಮತ್ತೆ ಮೇಲೆ. ಹಾಗೇ ಇರಬೇಕಲ್ವಾ? ನಾವು ಕೈವಾರದ ಮುಳ್ಳನ್ನು ಮೇಲಕ್ಕೆ ಸರಿಸಿ ತಾನೇ ಎರಡನೇ ಸುತ್ತು ಎಳೆದದ್ದು. ಇಡೀ ಸುತ್ತೇ ಮೇಲಕ್ಕೆ ಜರುಗಿದೆ. ಹಾಳೆಯನ್ನು ಅಲುಗಿಸದೆ ನೋಡಿದರೆ ರಾಗಿ ಸಾಸಿವೆಯನ್ನು ಸುತ್ತುವುದೇ ಇಲ್ಲ. ಅದರ ಮೇಲುಗಡೆ ಹತ್ತಿರ ದೂರ ಆಗುತ್ತಾ ತೂಗಾಡುತ್ತದೆ, ಅಷ್ಟೆ.

ಸುತ್ತು ಕಾಣಬೇಕಾದರೆ ಹಾಳೆಯನ್ನು ತಿರುಗಿಸುತ್ತಾ ಹೋಗಬೇಕು, ಸೂರ್ಯ ಯಾವಾಗಲೂ ನಿಮ್ಮ ಹೊಟ್ಟೆಯ ಕಡೆಗೇ ಇರುವ ಹಾಗೆ. ಭೂಮಿಯ ಮೇಲಿರುವ ನಾವು ಮಾಡುವುದು ಅದನ್ನೇ. ನಮಗೆ ದಿಕ್ಕು ತೋರಿಸುವುದು ಸೂರ್ಯ. ಸೂರ್ಯನ ಕಡೆ, ಸೂರ್ಯನಿಗೆ ಬೆನ್ನಾದ ಕಡೆ, ಮುಂದೆ, ಹಿಂದೆ ಅಂತಲೇ ನಾವು ಲೆಕ್ಕ ಹಾಕುವುದು. ಹಾಗೆ ಲೆಕ್ಕ ಹಾಕಿದರೆ ಕಲ್ಲು ನಮ್ಮನ್ನು ಪ್ರದಕ್ಷಿಣೆ ಹಾಕುತ್ತದೆ. ಸೂರ್ಯನನ್ನು ನಡುವೆ ನಿಲ್ಲಿಸಿ ದೂರದಿಂದ ನೋಡಿದರೆ ಅದೂ ನಮ್ಮ ಹಾಗೆಯೇ ಸೂರ್ಯನನ್ನು ಸುತ್ತುವ ಇನ್ನೊಂದು ಕಲ್ಲು. ಎರಡು ಚಿತ್ರಗಳೂ ನಿಜ. ನಡುವೆ ಬದಲಾದದ್ದು ಹಾಳೆ ತಿರುಗಿಸುವ ಕೈ ಮಾತ್ರ.

ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ನಡೆಯುವವರಿಗೆ ಇದು ಹೊಸದಲ್ಲ. ನೀವು ಒಂದೇ ಹದದಲ್ಲಿ ನಡೆಯುತ್ತಿದ್ದೀರಿ. ಜೊತೆಗೆ ಬಂದವರು ಒಮ್ಮೆ ಕೆರೆಯ ಅಂಚಿಗೆ ಹೋಗಿ ಜೋರು ಹೆಜ್ಜೆ ಹಾಕಿ ಮುಂದಾಗುತ್ತಾರೆ, ಆಮೇಲೆ ಮರಗಳ ಕಡೆ ಸರಿದು ನಿಧಾನ ಮಾಡಿ ಹಿಂದಾಗುತ್ತಾರೆ, ಮತ್ತೆ ಅಂಚಿಗೆ ಬರುತ್ತಾರೆ. ಲೆಕ್ಕ ಹಾಕಿದರೆ ಅವರು ನಿಮ್ಮನ್ನು ಒಂದು ಸುತ್ತು ಬಂದಾಯಿತು. ಆದರೆ ಅವರನ್ನು ಕೇಳಿದರೆ ಕೆರೆ ಸುತ್ತು ಹಾಕಿದೆ ಅನ್ನುತ್ತಾರೆ.

ಹಾಳೆಯಲ್ಲಿ ತೋರಿಸಲಾಗದ ಒಂದು ಸಂಗತಿ ಇದೆ. ಕಮೊಓಅಲೆವಾದ ಸುತ್ತು ಭೂಮಿಯ ಸುತ್ತಿನ ಮಟ್ಟದಲ್ಲೇ ಇಲ್ಲ, ಸುಮಾರು 8 ಡಿಗ್ರಿ ಓರೆಯಾಗಿದೆ. ಹಾಗಾಗಿ ಅರ್ಧ ವರ್ಷ ಹಾಳೆಯ ಮೇಲೆ ತೇಲುತ್ತದೆ, ಅರ್ಧ ವರ್ಷ ಕೆಳಗೆ ಮುಳುಗುತ್ತದೆ. ಇದನ್ನೂ ಸೇರಿಸಿದರೆ ಭೂಮಿಗೂ ಅದಕ್ಕೂ ನಡುವಿನ ದೂರ ಚಂದ್ರನ ದೂರದ 38 ಪಟ್ಟಿನಿಂದ 100 ಪಟ್ಟಿನ ತನಕ ಬದಲಾಗುತ್ತದೆ. 38 ಪಟ್ಟು ಅಂದರೆ ಸುಮಾರು ಒಂದೂವರೆ ಕೋಟಿ ಕಿಲೋಮೀಟರ್. ನಮ್ಮ ಹಾಳೆಯ ಒಂದು ಸೆಂಟಿಮೀಟರ್ ಅದೇ ಅಲ್ವಾ? ಅದಕ್ಕಿಂತ ಹತ್ತಿರ ಬರುವುದಿಲ್ಲ. ಭಯ ಪಡುವಂಥದ್ದು ಏನೂ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನಾನು ಇಷ್ಟು ಹೊತ್ತು ಹೇಳಿದ ಕಥೆಯಲ್ಲಿ ಭೂಮಿಯ ಸೆಳೆತದ ಮಾತೇ ಬರಲಿಲ್ಲ. ಆ ಮೊಟ್ಟೆಯಾಕಾರ ಹುಟ್ಟಿದ್ದು ಎರಡರ ವರ್ಷವೂ ಸಮ ಆಗಿದ್ದರಿಂದ. ಹಾಗಾದರೆ ಭೂಮಿಗೆ ಇದರಲ್ಲಿ ಕೆಲಸವೇ ಇಲ್ಲವಾ?

ಇದೆ. ಒಂದು ಸಣ್ಣ, ಆದರೆ ಬಹಳ ಚೆಂದದ ಕೆಲಸ. ಕಲ್ಲಿನ ವರ್ಷ ನಮ್ಮ ವರ್ಷಕ್ಕೆ ಒಂದು ಕ್ಷಣವೂ ಹೆಚ್ಚುಕಡಿಮೆ ಇಲ್ಲದೆ ಸಮ ಆಗಿರುವುದು ಸಾಧ್ಯವೇ ಇಲ್ಲ. ಒಂದು ದಿನ ಜಾಸ್ತಿ ಆದರೂ ಸಾಕು, ಕಲ್ಲು ವರ್ಷಕ್ಕೆ ಸುಮಾರು 26 ಲಕ್ಷ ಕಿಲೋಮೀಟರ್ ಹಿಂದೆ ಬೀಳುತ್ತಾ ಹೋಗುತ್ತದೆ. ಹತ್ತಿಪ್ಪತ್ತು ವರ್ಷಗಳಲ್ಲಿ ಆ ಮೊಟ್ಟೆಯಾಕಾರವೇ ಭೂಮಿಯನ್ನು ಬಿಟ್ಟು ಜಾರಿಹೋಗಬೇಕು. ಆದರೆ ಹೋಗುವುದಿಲ್ಲ. ಯಾರೋ ತಿರುಗಿ ತಂದು ನಿಲ್ಲಿಸುತ್ತಾರೆ. ಆ ಯಾರೋ ಅಂದರೆ ಭೂಮಿ.

ಹೇಗೆ ಅನ್ನುವುದು ಮೊದಲು ತಲೆಕೆಳಗಾಗಿ ಕೇಳಿಸುತ್ತದೆ. ಕಕ್ಷೆಯಲ್ಲಿ ಇರುವ ವಸ್ತುವನ್ನು ಮುಂದಕ್ಕೆ ಎಳೆದರೆ ಅದು ಹಿಂದೆ ಬೀಳುತ್ತದೆ! ಮುಂದಕ್ಕೆ ಎಳೆದಾಗ ಅದಕ್ಕೆ ಶಕ್ತಿ ಸೇರುತ್ತದೆ. ಶಕ್ತಿ ಸೇರಿದಾಗ ಅದು ದೊಡ್ಡ ಸುತ್ತಿಗೆ ಏರುತ್ತದೆ. ದೊಡ್ಡ ಸುತ್ತು ಮುಗಿಸಲು ಜಾಸ್ತಿ ಸಮಯ ಬೇಕು. ಹಾಗಾಗಿ ಒಟ್ಟು ಲೆಕ್ಕದಲ್ಲಿ ಹಿಂದೆ. ಹಿಂದಕ್ಕೆ ಎಳೆದರೆ ಇದೇ ಉಲ್ಟಾ: ಸಣ್ಣ ಸುತ್ತಿಗೆ ಇಳಿದು ಬೇಗ ಬೇಗ ತಿರುಗಿ ಮುಂದಾಗುತ್ತದೆ. ಹಾಸನದಲ್ಲಿ ಇಸ್ರೋದ ನಿಯಂತ್ರಣ ಕೇಂದ್ರ ಇದೆಯಲ್ಲ, 36 ಸಾವಿರ ಕಿಲೋಮೀಟರ್ ಎತ್ತರದ ಸಂಪರ್ಕ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಿಕೊಳ್ಳುವುದು ಅಲ್ಲಿಂದಲೇ. ಅಲ್ಲಿ ಇದು ದಿನನಿತ್ಯದ ವಿದ್ಯೆ. ಉಪಗ್ರಹವನ್ನು ಪೂರ್ವಕ್ಕೆ, ಅಂದರೆ ಮುಂದಕ್ಕೆ ಜರುಗಿಸಬೇಕಾದರೆ ಅದರ ವೇಗವನ್ನು ಚೂರು ತಗ್ಗಿಸಿ ಕೆಳಗಿನ ಸುತ್ತಿಗೆ ಇಳಿಸುತ್ತಾರೆ.

ಈಗ ಕಮೊಓಅಲೆವಾದ ಮೊಟ್ಟೆಯಾಕಾರ ನಿಧಾನವಾಗಿ ಮುಂದಕ್ಕೆ ಜರುಗಿದೆ ಅಂದುಕೊಳ್ಳಿ. ಆಗ ಅದರ ಹಿಂದಿನ ಅಂಚು ಭೂಮಿಗೆ ಹತ್ತಿರ ಬರುತ್ತದೆ. ಕಲ್ಲು ಆ ಹಿಂದಿನ ಅಂಚಿನಲ್ಲಿ ಹಾದುಹೋಗುವಾಗ ಭೂಮಿ ಅದರ ಮುಂದೆ ಇರುತ್ತದೆ, ಹತ್ತಿರದಲ್ಲೂ ಇರುತ್ತದೆ. ಆಗ ಭೂಮಿ ಅದನ್ನು ಮುಂದಕ್ಕೆ ಎಳೆಯುತ್ತದೆ. ಮುಂದಕ್ಕೆ ಎಳೆದರೆ ಏನಾಗುತ್ತದೆ? ದೊಡ್ಡ ಸುತ್ತು, ಉದ್ದದ ವರ್ಷ, ಹಿಂದಕ್ಕೆ. ಜರುಗಿದ ಮೊಟ್ಟೆಯಾಕಾರ ಮೆಲ್ಲಗೆ ವಾಪಸ್ಸು ಬರುತ್ತದೆ. ಬಂದದ್ದು ನಡುವೆ ನಿಲ್ಲದೆ ಹಿಂದಕ್ಕೂ ಜರುಗುತ್ತದೆ. ಆಗ ಮುಂದಿನ ಅಂಚು ಭೂಮಿಗೆ ಹತ್ತಿರ. ಅಲ್ಲಿ ಭೂಮಿ ಹಿಂದಕ್ಕೆ ಎಳೆಯುತ್ತದೆ, ಕಲ್ಲು ಮುಂದಕ್ಕೆ ಬರುತ್ತದೆ. ಹೀಗೆ ವರ್ಷಕ್ಕೊಂದು ಸುತ್ತಿನ ಜೊತೆಗೆ ಇಡೀ ಸುತ್ತೇ ವರ್ಷಗಟ್ಟಲೆ ಮುಂದಕ್ಕೂ ಹಿಂದಕ್ಕೂ ತೊಟ್ಟಿಲಿನ ಹಾಗೆ ತೂಗುತ್ತದೆ. ತೂಗಾಡುವ ತುಣುಕು ಅಂತ ಹೆಸರಿಟ್ಟವರಿಗೆ ನಮಸ್ಕಾರ ಹೇಳಬೇಕು ಅನಿಸುತ್ತದೆ.

ಇದನ್ನು ಚಂದ್ರ ಅಂತ ಯಾಕೆ ಕರೆಯಬಾರದು ಅನ್ನುವುದಕ್ಕೂ ಅದೇ ಹಾಳೆ ಉತ್ತರ ಕೊಡುತ್ತದೆ. ಈ ಅಳತೆಯಲ್ಲಿ ನಿಜವಾದ ಚಂದ್ರ ಭೂಮಿಯಿಂದ ಎಷ್ಟು ದೂರ? ಕಾಲು ಮಿಲಿಮೀಟರ್. ಕೈವಾರದ ಮುಳ್ಳಿನ ತೂತಿನೊಳಗೇ ಅದು ಮುಗಿದುಹೋಗುತ್ತದೆ. ಸೂರ್ಯನ ಸೆಳೆತವನ್ನು ಮೀರಿ ಭೂಮಿ ಒಂದು ವಸ್ತುವನ್ನು ತನ್ನ ಸುತ್ತ ಹಿಡಿದಿಟ್ಟುಕೊಳ್ಳಬಲ್ಲ ಜಾಗ ಸುಮಾರು 15 ಲಕ್ಷ ಕಿಲೋಮೀಟರ್ ತನಕ. ನಮ್ಮ ಆದಿತ್ಯ ಎಲ್1 ನೌಕೆ ಇರುವುದು ಆ ಅಂಚಿನ ಹತ್ತಿರವೇ. ಹಾಳೆಯಲ್ಲಿ ಅದು ಒಂದು ಮಿಲಿಮೀಟರ್. ಅಂದರೆ ಭೂಮಿಯ ಹಿಡಿತವೆಲ್ಲ ಒಂದು ಸಾಸಿವೆಯ ಗಾತ್ರದೊಳಗೆ ಮುಗಿಯುತ್ತದೆ. ಕಮೊಓಅಲೆವಾ ಅದಕ್ಕಿಂತ ಹತ್ತು ಪಟ್ಟು ಆಚೆ. ನಾಳೆ ಭೂಮಿಯೇ ಮಾಯವಾದರೂ ಈ ಕಲ್ಲಿನ ಮುಂದಿನ ವರ್ಷದ ದಾರಿ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಸಾಸಿವೆಯೊಳಗೆ ನುಗ್ಗಿ ಸ್ವಲ್ಪ ದಿನ ಇದ್ದು ಹೋಗುವ ಕಲ್ಲುಗಳೂ ಇವೆ. ಅವು ಬೇರೆ ಜಾತಿ, ಮಿನಿ ಮೂನ್ ಅನ್ನುತ್ತಾರೆ. 2024ರ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಭೂಮಿಯ ಸೆಳೆತಕ್ಕೆ ಸಿಕ್ಕಿದ್ದ 2024 ಪಿಟಿ5 ನಿಮಗೆ ನೆನಪಿರಬಹುದು. ಸುಮಾರು 10 ಮೀಟರ್‌ನ ಆ ಕಲ್ಲು ಒಂದು ಪೂರ್ತಿ ಸುತ್ತೂ ಹಾಕದೆ ಹೊರಟುಹೋಯಿತು. ಅದು ಸೇರಿದ ಗುಂಪಿಗೆ ಮಹಾಭಾರತದ ಅರ್ಜುನನ ಹೆಸರೇ ಇದೆ. ಭೂಮಿಯ ದಾರಿಯನ್ನೇ ಹೋಲುವ ದಾರಿಯ ಸಣ್ಣ ಕಲ್ಲುಗಳ ಗುಂಪು ಅದು. ಸುದ್ದಿಯಲ್ಲಿ ಮಿನಿ ಮೂನ್, ಕ್ವಾಸಿ ಸ್ಯಾಟಲೈಟ್ ಎರಡನ್ನೂ ಎರಡನೇ ಚಂದ್ರ ಅಂತಲೇ ಕರೆದುಬಿಡುತ್ತಾರೆ. ಒಂದು ಮನೆಯೊಳಗೆ ಬಂದು ಕೂತ ನೆಂಟ, ಇನ್ನೊಂದು ಎದುರು ರಸ್ತೆಯಲ್ಲಿ ಜೊತೆಗೆ ನಡೆಯುವ ಪರಿಚಯದವರು. ಬೇರೆ ಬೇರೆ ತಾನೇ?

ತೋರಿಕೆಯ ಚಂದ್ರ ನಮಗಷ್ಟೇ ಇರುವುದಲ್ಲ. ಯಾವುದೇ ಗ್ರಹಕ್ಕೆ ಇಂಥ ಜೊತೆಗಾರ ಇರುವುದು ಮೊದಲು ಗೊತ್ತಾದದ್ದು ಶುಕ್ರನ ವಿಷಯದಲ್ಲಿ, 2004ರಲ್ಲಿ. ಆ ಕಲ್ಲಿನ ಹೆಸರು ಈಗ ಜೂಜ್ವೆ. ಮಕ್ಕಳ ಕೋಣೆಯ ಒಂದು ಭಿತ್ತಿಚಿತ್ರದಲ್ಲಿ 2002 ವಿಇ ಅನ್ನುವ ಬರಹದ 2 ಇಂಗ್ಲಿಷಿನ ಜೆಡ್ ಅಕ್ಷರದಂತೆ ಓದಿಸಿಕೊಂಡು ಹುಟ್ಟಿದ ಹೆಸರು ಅದು. 2024ರಲ್ಲಿ ಅಧಿಕೃತವೂ ಆಯಿತು.

ಇಂಥ ಜೊತೆ ಎಂದೆಂದಿಗೂ ಇರುವುದಿಲ್ಲ. ಲೆಕ್ಕದ ಪ್ರಕಾರ ಕಮೊಓಅಲೆವಾ ಇನ್ನು ಸುಮಾರು 300 ವರ್ಷ ಹೀಗೆ ಇರುತ್ತದೆ. ಆಮೇಲೆ ತೂಗಾಟ ದೊಡ್ಡದಾಗಿ, ಮೊಟ್ಟೆಯಾಕಾರ ಭೂಮಿಯಿಂದ ಜಾರಿ, ಕುದುರೆ ಲಾಳದ ಆಕಾರದ ದಾರಿಗೆ ಹೋಗುತ್ತದೆ. ಆ ದಾರಿಯಲ್ಲಿ ಅದು ಭೂಮಿಯಿಂದ ದೂರ ದೂರ ಸರಿಯುತ್ತಾ ಸೂರ್ಯನ ಆಚೆಬದಿಗೂ ಹೋಗಿ, ಇನ್ನೊಂದು ಕಡೆಯಿಂದ ಭೂಮಿಯ ಹತ್ತಿರಕ್ಕೆ ಬಂದು, ಮುಟ್ಟದೆ ತಿರುಗಿ ಬಂದ ದಾರಿಗೇ ಹೋಗುತ್ತದೆ. 1986ರಲ್ಲಿ ಸಿಕ್ಕ ಕ್ರುಯಿನ್ಯ ಅನ್ನುವ ಸುಮಾರು 5 ಕಿಲೋಮೀಟರ್‌ನ ದೊಡ್ಡ ಕಲ್ಲು ಈಗ ಇರುವುದು ಅಂಥ ದಾರಿಯಲ್ಲೇ. ಅದನ್ನೂ ಒಂದು ಕಾಲದಲ್ಲಿ ಎರಡನೇ ಚಂದ್ರ ಅಂದಿದ್ದರು.

ಇನ್ನು ಕಲ್ಲಿನ ವಿಷಯ. ಕಮೊಓಅಲೆವಾದ ಗಾತ್ರ 40ರಿಂದ 100 ಮೀಟರ್ ನಡುವೆ. ವಿಜಯಪುರದ ಗೋಲಗುಂಬಜ್ ಸುಮಾರು 51 ಮೀಟರ್ ಎತ್ತರ ಇದೆ. ಅಷ್ಟು ದೊಡ್ಡ ಬಂಡೆ 28 ನಿಮಿಷಕ್ಕೊಮ್ಮೆ ಗಿರ್ರನೆ ತನ್ನನ್ನು ತಾನು ಸುತ್ತುತ್ತದೆ ಅಂತ ಊಹಿಸಿಕೊಳ್ಳಿ. ಅಲ್ಲಿ ಬೆಳಗಾದ 14 ನಿಮಿಷಕ್ಕೆ ಕತ್ತಲು. ಇಷ್ಟು ಜೋರಾಗಿ ತಿರುಗುವ, ಇಷ್ಟು ಸಣ್ಣ ಕಲ್ಲಿನ ಸೆಳೆತ ಏನೇನೂ ಸಾಲದು. ಅದರ ನಡುಪಟ್ಟಿಯ ಮೇಲೆ ಒಂದು ಸಡಿಲ ಕಲ್ಲನ್ನು ಇಟ್ಟರೆ ಅದು ಅಲ್ಲಿ ಕೂರುವುದಿಲ್ಲ, ಎಸೆದ ಹಾಗೆ ಆಚೆ ಹೋಗುತ್ತದೆ.

ಇಷ್ಟು ಸಣ್ಣದನ್ನು ಇಷ್ಟು ದೂರದಿಂದ ನೋಡುವುದೇ ಒಂದು ಸಾಹಸ. ಅತಿ ಹೊಳಪಿನಲ್ಲಿ ಇರುವಾಗಲೂ ಅದು ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ನಕ್ಷತ್ರಕ್ಕಿಂತ ಸುಮಾರು 40 ಲಕ್ಷ ಪಟ್ಟು ಮಸುಕು. ಅದೂ ವರ್ಷಕ್ಕೊಮ್ಮೆ, ಏಪ್ರಿಲ್ ಹೊತ್ತಿಗೆ ಕೆಲವು ವಾರ ಮಾತ್ರ. ಏಪ್ರಿಲ್ ಯಾಕೆ ಅನ್ನುವುದು ನಿಮಗೆ ಈಗ ಗೊತ್ತು. ಆಗ ಅದು ನಮ್ಮ ಹೊರಬದಿಗೆ, ಸೂರ್ಯನಿಗೆ ಎದುರು ದಿಕ್ಕಿನಲ್ಲಿ, ನಡುರಾತ್ರಿಯ ಆಕಾಶದಲ್ಲಿ ಇರುತ್ತದೆ. ಅದರ ವರ್ಷವೂ ನಮ್ಮ ವರ್ಷವೂ ಒಂದೇ ಆದ್ದರಿಂದ ಪ್ರತಿ ಸಲವೂ ಏಪ್ರಿಲ್ಲೇ.

ಅರಿಝೋನಾ ವಿಶ್ವವಿದ್ಯಾಲಯದ ವಿಷ್ಣು ರೆಡ್ಡಿ ಮತ್ತು ಅವರ ವಿದ್ಯಾರ್ಥಿ ಬೆನ್ ಶಾರ್ಕಿ ಇದ್ದ ತಂಡ ಆ ಕೆಲವು ವಾರಗಳಿಗಾಗಿ ವರ್ಷವರ್ಷವೂ ಕಾಯಿತು. ಅವರು ಬಳಸಿದ್ದು ಅರಿಝೋನಾದ ಗ್ರಹಾಂ ಬೆಟ್ಟದ ಮೇಲಿನ ಜೋಡಿ ಕನ್ನಡಿಗಳ ದೂರದರ್ಶಕ. ಒಂದೊಂದು ಕನ್ನಡಿಯೂ 8.4 ಮೀಟರ್ ಅಗಲ. ಹೊಸಕೋಟೆಯಲ್ಲಿ ಕೂತು ನಡೆಸುವ ಲಡಾಖ್‌ನ ಹಾನ್ಲೆ ದೂರದರ್ಶಕದ ಕನ್ನಡಿ 2 ಮೀಟರ್, ಹೋಲಿಸಿ ನೋಡಿ. ಕಲ್ಲಿನಿಂದ ಬಂದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ ಅದು ಮಾಮೂಲಿ ಕ್ಷುದ್ರಗ್ರಹಗಳಿಗಿಂತ ಜಾಸ್ತಿ ಕೆಂಪು ಕಡೆಗೆ ವಾಲಿತ್ತು. ಆ ಬಣ್ಣಕ್ಕೆ ಹೊಂದಿದ್ದು ಅಪೋಲೊ ಯಾತ್ರಿಗಳು ತಂದಿದ್ದ ಚಂದ್ರನ ಮಣ್ಣು! 2021ರ ನವೆಂಬರ್‌ನಲ್ಲಿ ಇದು ಪ್ರಕಟವಾಯಿತು.

ಚಂದ್ರನ ಚೂರು ಭೂಮಿಯ ಜೊತೆಗಾರ ಆದದ್ದು ಹೇಗೆ? ಚಂದ್ರನಿಗೆ ಏನಾದರೂ ಜೋರಾಗಿ ಬಡಿದಾಗ ಅಲ್ಲಿಂದ ಬಂಡೆಗಳು ಹಾರುತ್ತವೆ. ಸಾಕಷ್ಟು ವೇಗದಲ್ಲಿ ಹಾರಿದವು ಭೂಮಿ, ಚಂದ್ರ ಎರಡನ್ನೂ ಬಿಟ್ಟು ಸೂರ್ಯನ ಸುತ್ತ ಹೋಗುತ್ತವೆ. ತೀರಾ ಜೋರಾಗಿ ಹಾರದಿದ್ದರೆ ಅವುಗಳ ಸುತ್ತು ಭೂಮಿಯ ಸುತ್ತನ್ನೇ ಹೋಲುತ್ತದೆ. ಅದೇ ವಿಶ್ವವಿದ್ಯಾಲಯದ ವಿಜ್ಞಾನಿ ರೇಣು ಮಲ್ಹೋತ್ರಾ ಅವರ ತಂಡ 2023ರಲ್ಲಿ ಕಂಪ್ಯೂಟರಿನಲ್ಲಿ ಹೀಗೆ ಚಂದ್ರನಿಂದ ಕಲ್ಲುಗಳನ್ನು ಹಾರಿಸಿ ನೋಡಿತು. ಬಹಳ ಕಡಿಮೆ ಕಲ್ಲುಗಳು, ಆದರೂ ಕೆಲವು, ಇಂಥದೇ ದಾರಿಗೆ ಬಂದು ಸೇರಿದವು. 2024ರಲ್ಲಿ ಇನ್ನೊಂದು ತಂಡ ಯಾವ ಕುಳಿಯಿಂದ ಹಾರಿರಬಹುದು ಅಂತಲೂ ಹುಡುಕಿತು. ಚಂದ್ರನ ನಮಗೆ ಕಾಣದ ಬದಿಯಲ್ಲಿರುವ, 22 ಕಿಲೋಮೀಟರ್ ಅಗಲದ ಜೋರ್ಡಾನೊ ಬ್ರೂನೊ ಕುಳಿಯನ್ನು ಅವರು ಬೊಟ್ಟು ಮಾಡಿದರು. ಚಂದ್ರನ ಲೆಕ್ಕದಲ್ಲಿ ಅದು ಮೊನ್ನೆ ಮೊನ್ನೆಯ ಗಾಯ, ಒಂದು ಕೋಟಿ ವರ್ಷದೊಳಗಿನದು.

ಬಣ್ಣ ಹೊಂದಿದ ಮಾತ್ರಕ್ಕೆ ಊರು ಅದೇ ಅಂತ ಹೇಳಲು ಬರುವುದಿಲ್ಲ. ಬಹಳ ಕಾಲ ಬಿಸಿಲು ಬಡಿದ ಬೇರೆ ಜಾತಿಯ ಕಲ್ಲೂ ಕೆಂಪಗೆ ಕಾಣಬಹುದು. ಮಂಗಳ, ಗುರು ನಡುವಿನ ಪಟ್ಟಿಯಿಂದ ಅಲೆಯುತ್ತಾ ಬಂದದ್ದಾಗಿರಬಹುದು. ಇದನ್ನು ತೀರ್ಮಾನ ಮಾಡಲು ಒಂದೇ ದಾರಿ, ಹೋಗಿ ಒಂದು ಹಿಡಿ ತರುವುದು. ಚೀನಾ ಅದಕ್ಕೇ ಕೈಹಾಕಿದೆ. 2025ರ ಮೇ 29ರಂದು ಅಲ್ಲಿನ ಶೀಚಾಂಗ್ ಕೇಂದ್ರದಿಂದ ತ್ಯಾನ್‌ವೆನ್-2 ನೌಕೆ ಹೊರಟಿತು. ಯೋಜನೆಯಂತೆ 2026ರ ನಡುವಿನಲ್ಲಿ ಕಲ್ಲನ್ನು ತಲುಪಿ, ಮಾದರಿ ತೆಗೆದು, 2027ರ ಕೊನೆಗೆ ಅದನ್ನು ಭೂಮಿಗೆ ಇಳಿಸಿ, ತಾನು ಇನ್ನೂ ದೂರದ ಒಂದು ಧೂಮಕೇತುವಿನ ಕಡೆಗೆ ಹೊರಡಬೇಕು. ನಿಂತಲ್ಲಿ ನಿಲ್ಲದ, ಮೇಲಿಟ್ಟದ್ದನ್ನು ಎಸೆಯುವ ಆ ಕಲ್ಲಿನಿಂದ ಮಣ್ಣು ತೆಗೆಯುವುದು ಸುಲಭ ಅಲ್ಲ. ಅದಕ್ಕೇ ಅವರು ಒಂದೇ ಉಪಾಯ ನೆಚ್ಚಿಕೊಂಡಿಲ್ಲ. ತಾಗಿದ ಕ್ಷಣವೇ ತೆಗೆದುಕೊಂಡು ಮೇಲೇಳುವುದು ಒಂದು, ಮೇಲೆ ತೇಲುತ್ತಾ ತೆಗೆಯುವುದು ಇನ್ನೊಂದು, ಕೈಗಳನ್ನು ಊರಿ ಕಲ್ಲನ್ನೇ ಗಟ್ಟಿಯಾಗಿ ಹಿಡಿದು ಕೊರೆಯುವುದು ಮತ್ತೊಂದು.

ಊರಿಗೆ ಹೊರಡುವಾಗ ಅಕ್ಕನ ಮಗಳು ಎರಡು ಹಾಳೆಗಳಲ್ಲಿ ಒಂದನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಮೊಟ್ಟೆಯಾಕಾರ ಇರುವುದನ್ನು ಒಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಯ್ದದ್ದು ಮೊದಲನೆಯದನ್ನು, ಎರಡು ಸುತ್ತುಗಳದ್ದನ್ನು. "ಕ್ಲಾಸಲ್ಲಿ ಇದನ್ನೇ ತೋರಿಸ್ತೀನಿ ಮಾಮ. ಸುತ್ತತ್ತಾ ಇಲ್ವಾ ಅಂತ ಮೊದ್ಲು ಕೇಳ್ತೀನಿ. ಆಮೇಲೆ ಹಾಳೆ ತಿರುಗಿಸ್ತೀನಿ."